ಗುಂಬ್ರೆಗನ ಅಪ್ಪನ ಬಾಯಲ್ಲಿ ಕಡುಬು

ಜುಲೈ 3, ಬುಧವಾರ

ಇದು ಅಳತೆಯ ಪುಸ್ತಕ. ಅಪ್ಪನ ಕಾಲದಿಂದಲೂ ಇದರಲ್ಲಿ ಮುಖವಾಡಗಳ ಅಳತೆಯನ್ನು ಬಿಟ್ಟು ಬೇರೇನನ್ನೂ ಬರೆದದ್ದಿಲ್ಲ. ಇವತ್ತು ಬರೆಯಲು ಕೂತರೆ ಅಳತೆಯ ಬದಲು ಸಿಟ್ಟು ಬರುತ್ತಿದೆ. ರೇನಿಗೆ, ಅಂದರೆ ನನ್ನ ಹೆಂಡತಿಗೆ, ಹೇಳಿದರೆ ಇಡೀ ಕೇರಿಗೆ ಹೇಳಿದ ಹಾಗೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಬೆಳಿಗ್ಗೆ ಲಂದ್ರನ ಸೊಸೆ ಬಂದಿದ್ದಳು. ಲಂದ್ರ ನನ್ನ ಬಾಲ್ಯದ ಗೆಳೆಯ. ನಲವತ್ತು ವರ್ಷ ನಾನು ಮುಖವಾಡ ಕೆತ್ತಿದೆ, ಅವನು ಕಟ್ಟಿಕೊಂಡು ಕುಣಿದ. ಮಾರ್ಚಿನಲ್ಲಿ ಅವನಿಗೆ ಪಾರ್ಶ್ವವಾಯು ಹೊಡೆಯಿತು. ಕಾಲು ಸುಮಾರಾಗಿ ಸುಧಾರಿಸಿದೆ, ಆದರೆ ಮಾತು ತೊದಲುತ್ತದೆಯಂತೆ. ಹೋಗಿ ನೋಡಿ ಬರಬೇಕೆಂದು ನಾಲ್ಕು ತಿಂಗಳಿಂದ ಅಂದುಕೊಳ್ಳುತ್ತಲೇ ಇದ್ದೇನೆ. ಕೆಲಸ ಜಾಸ್ತಿ.

“ಪಾಕ್ ತುತ್, ಈ ಸಲ ಗುಡಿಯ ವರ್ಧಂತಿಗೆ ಮಾವ ಕುಣೀತಾರಂತೆ. ನೀವೊಂದು ಹೊಸ ಬೊಂಡ್ರೆಸ್ ಮಾಡ್ಕೊಡ್ಬೇಕಂತೆ” ಅಂದಳು. ಹಿರಿಯನೆಂದು ತುತ್ ಎಂಬ ನನ್ನ ಹೆಸರಿಗೆ ಪಾಕ್ ಸೇರಿಸಿಯೇ ಕರೆಯುತ್ತಾಳೆ.

ರಾಜ, ಮಂತ್ರಿ ಎಂದಿದ್ದರೆ ಸರಿ. ಅವರಿಗೆ ಮಾತಿಲ್ಲ, ಅಳತೆ ಇದೆ. ಬೊಂಡ್ರೆಸ್ ಎಂದರೆ ಕೋಡಂಗಿ. ಮುಖವಾಡ ಮೇಲ್ದುಟಿಗೇ ನಿಂತುಬಿಡುತ್ತದೆ, ಕೆಳಗೆ ಆಡುವವನ ಸ್ವಂತ ಬಾಯಿ. ಹಲ್ಲುಬ್ಬ, ಕಿವುಡ, ಜಂಬಗಾರ, ಎಲ್ಲ ಇಲ್ಲದ ಜನ. ಇಲ್ಲದವನ ಮುಖ ಕೆತ್ತುವುದು ಸುಳ್ಳು ಹೇಳಿದ ಹಾಗೆ. ಐವತ್ತೊಂಬತ್ತು ವರ್ಷದಲ್ಲಿ ನಾನು ಸುಳ್ಳು ಹೇಳಿದವನಲ್ಲ. ಲಂದ್ರನ ಹತ್ತಿರ ಇರುವ ಬೊಂಡ್ರೆಸ್‌ಗಳೆಲ್ಲ ಬೇರೆ ಊರಿನವನೊಬ್ಬ ಕೆತ್ತಿದ್ದು.

“ಹಳೇವು ಇವೆಯಲ್ಲಮ್ಮ?”

“ಆ ಕೋಡಂಗಿಗಳೆಲ್ಲ ಪಟಪಟ ಮಾತಾಡೋರು. ಈಗಿನ ಬಾಯಿಗೆ ಒಗ್ಗೋದಿಲ್ಲ ಅಂತಾರೆ. ಸಮಿತಿಯವರು ಪಕ್ಕದ ಊರಿನ ಕುಣಿಯೋನ್ನ ಆಗ್ಲೇ ಗೊತ್ತು ಮಾಡಿದ್ದಾರೆ. ಈ ಸಲ ತಪ್ಪಿದ್ರೆ ಇನ್ನು ನನ್ನನ್ನ ಯಾರೂ ಕರೆಯಲ್ಲ ಅಂತ ಮಾವ ಊಟಾನೂ ಸರಿಯಾಗಿ ಮಾಡ್ತಿಲ್ಲ.”

ಅಷ್ಟು ಹೇಳಿದ ಮೇಲೆ ಏನು ಮಾಡಲಿ? ಒಪ್ಪಿಕೊಂಡೆ. ಇನ್ನೂರ ಹತ್ತು ದಿನಕ್ಕೊಮ್ಮೆ ಬರುವ ವರ್ಧಂತಿ ಈ ಸಲ ಆಗಸ್ಟ್ 7ಕ್ಕೆ.

ಜುಲೈ 6, ಶನಿವಾರ

ಟೇಪು ಹಿಡಿದು ಲಂದ್ರನ ಮನೆಗೆ ಹೋದೆ. ಇಲ್ಲದವನನ್ನು ಯಾಕೆ ಕೆತ್ತಬೇಕು, ಇರುವವನನ್ನೇ ಅಳೆದರಾಯಿತು ಎಂದು ನನ್ನ ಉಪಾಯ. ಬಲ ಹುಬ್ಬು ಎಡಕ್ಕಿಂತ ಅರ್ಧ ಬೆರಳು ಕೆಳಗೆ. ಬಲಗೆನ್ನೆ ಜೋತಿದೆ, ಒಂದು ಬೆರಳು. ಅವನು ಏನೇನೋ ಹೇಳಿದ, ಒಂದೂ ಅರ್ಥವಾಗಲಿಲ್ಲ. ಟೇಪು ಹಿಡಿದವನಿಗೆ ಮಾತಾಡಲು ಪುರುಸೊತ್ತೆಲ್ಲಿ? ಬೇಗ ಬಂದುಬಿಟ್ಟೆ.

ಜುಲೈ 13, ಶನಿವಾರ

ಹಾಲೆಮರದ ಒಳ್ಳೆಯ ತುಂಡಿನಲ್ಲಿ ಕೆತ್ತಿ, ಉಜ್ಜಿ, ಇವತ್ತು ಒಯ್ದು ತೋರಿಸಿದೆ. ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ. ಲಂದ್ರ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಎದ್ದು ಕುಂಟುತ್ತಾ ಹೋಗಿ ಹಂದಿಗೂಡಿನೊಳಗೆ ಎಸೆದ. ಆಮೇಲೆ ಬಂದು ಕೂತು ಒಂದೊಂದೇ ಮಾತಾಗಿ ಹೇಳಿದ. ಮೂರು ಸಲ ಹೇಳಿಸಿಕೊಂಡ ಮೇಲೆ ಗೊತ್ತಾಯಿತು:

“ನನ್ನ ಮುಖ ನನ್ನ ಹತ್ರ ಇದೆಯಲ್ಲೋ. ಇನ್ನೊಂದು ಯಾಕೆ?”

ಅಷ್ಟರಲ್ಲಿ ಹಂದಿ ಮುಖವಾಡದ ಮೂಗನ್ನು ಕಡಿದುಹಾಕಿತ್ತು.

ಜುಲೈ 17, ಬುಧವಾರ

ಎರಡನೆಯದು. ಈ ಸಲ ನಗುಮುಖ, ದುಂಡು ಕೆನ್ನೆ. ಬಣ್ಣ ಹಾಕುವ ಮುಂಚೆಯೇ ತೋರಿಸಿದೆ. ಲಂದ್ರ ಅದನ್ನು ಮಂಡಿಯ ಮೇಲೆ ಇಟ್ಟುಕೊಂಡು, “ಇವನ ಹೆಂಡ್ತಿ ಯಾವ ಊರಿನವಳು?” ಅಂತ ಕೇಳಿದ.

“ಯಾರ ಹೆಂಡ್ತಿ?”

“ಇವನ ಹೆಂಡ್ತಿ.”

“ಇದು ಮರ ಮಾರಾಯ.”

“ಅದಕ್ಕೇ ಮರದ ಹಾಗಿದೆ.”

ಕಾಯಿಲೆ ಮನುಷ್ಯನಿಗೆ ಎದುರು ಮಾತಾಡಬಾರದೆಂದು ಸುಮ್ಮನೆ ಬಂದೆ. ದಾರಿಯುದ್ದಕ್ಕೂ ಎದುರು ಮಾತುಗಳು ಹೊಳೆಯುತ್ತಾ ಬಂದವು. ನಲವತ್ತು ವರ್ಷದ ಕಸುಬಿಗೆ ಈ ಮರ್ಯಾದೆ!

ಜುಲೈ 20, ಶನಿವಾರ

ಬರೆಯುವಾಗ ಬೆರಳು ಇನ್ನೂ ಅಂಟಂಟು.

ಮಧ್ಯಾಹ್ನ ಮೂರನೆಯ ಮುಖವಾಡದ ಮೂಗಿನ ಯೋಚನೆಯಲ್ಲಿ ನೀರು ಕುಡಿಯಲು ಅಡುಗೆಮನೆಗೆ ಹೋದೆ. ನಾಳೆ ಹುಣ್ಣಿಮೆ. ದೇವರ ಎಡೆಗೆಂದು ರೇನಿ ಅಂಟಕ್ಕಿ ಕಡುಬು ಮಾಡಿ ಬಾಳೆಲೆಯ ಮೇಲೆ ಜೋಡಿಸಿಟ್ಟಿದ್ದಳು. ನನ್ನ ಕೈ ತನ್ನ ಪಾಡಿಗೆ ತಾನು ಒಂದನ್ನು ತೆಗೆದು ಬಾಯಿಗೆ ಹಾಕಿತು. ಹಾಕಿದ ಮೇಲೆ ನೆನಪಾಯಿತು. ಎಡೆಯಾಗುವ ಮೊದಲೇ! ನುಂಗಿದರೆ ದೇವರಿಗಿಂತ ಮುಂಚೆ ಉಂಡ ಪಾಪ. ಉಗಿದರೆ ದೇವರ ಪಾಲನ್ನು ನೆಲಕ್ಕೆ ಉಗಿದ ಪಾಪ. ಕಡುಬು ಅತ್ತಲೂ ಹೋಗದೆ ಇತ್ತಲೂ ಬರದೆ ಬಾಯಲ್ಲೇ ಊದಿಕೊಂಡಿತು. ಆ ಹೊತ್ತಿಗೇ ರೇನಿ ಬರಬೇಕೆ?

“ರೀ ಬ್ಲಿ, ಇಲ್ಲಿ ಹನ್ನೆರಡು ಇಟ್ಟಿದ್ದೆ. ಒಂದು ಏನಾಯ್ತು?”

ಏನೋ ಉತ್ತರ ಕೊಟ್ಟೆ. ಏನು ಕೊಟ್ಟೆನೋ ನನಗೇ ತಿಳಿಯದು, ಆದರೆ ಆ ಸದ್ದು ಕಿವಿಗೆ ಬಿದ್ದದ್ದೇ ಮೈ ಜುಮ್ಮೆಂದಿತು. ಅದು ಲಂದ್ರನ ಮಾತು. ಅದೇ ಎಳೆತ, ಅದೇ ತೊದಲು.

ಓಡಿದೆ. ಚಪ್ಪಲಿ ಇಲ್ಲದೆ, ಕೆನ್ನೆ ಉಬ್ಬಿಸಿಕೊಂಡು, ಇಡೀ ಕೇರಿ ನೋಡುತ್ತಿರುವಾಗ ಓಡಿದೆ. ಲಂದ್ರ ಜಗಲಿಯಲ್ಲಿ ಕೂತಿದ್ದ. ಅವನ ಮುಂದೆ ನಿಂತು, ನಿನ್ನ ಬೊಂಡ್ರೆಸ್ ಸಿಕ್ಕಿದ ಕಣೋ ಎಂದು ಹೇಳಿದೆ. ಹೊರಗೆ ಬಂದದ್ದು ಬೇರೆಯೇ ಏನೋ. ಒಳಗಿಂದ ಸೊಸೆ ಪೊರಕೆ ಹಿಡಿದು ಬಂದಳು.

“ಪಾಕ್ ತುತ್! ಕಾಯಿಲೆ ಬಿದ್ದವರನ್ನ ಅಣಕಿಸ್ತೀರಾ? ಈ ವಯಸ್ಸಿಗೆ ನಾಚಿಕೆ ಬೇಡ್ವಾ?”

ಇಲ್ಲಮ್ಮ ಎಂದು ವಿವರಿಸಲು ಹೋದೆ. ವಿವರಿಸಿದಷ್ಟೂ ಅಣಕಿಸಿದಂತೆ ಕೇಳಿಸುತ್ತಿತ್ತು. ಪೊರಕೆ ಹೆಗಲಿಗೆ ಒಂದು, ಬೆನ್ನಿಗೆ ಒಂದು ಬಿತ್ತು. ಲಂದ್ರ ಮಾತ್ರ ನನ್ನ ಉಬ್ಬಿದ ಕೆನ್ನೆಯನ್ನು ನೋಡಿದ, ಬೆರಳಿನ ಅಂಟನ್ನು ನೋಡಿದ, ಆಮೇಲೆ ನಿಧಾನವಾಗಿ ಒಂದು ಮಾತು ಹೇಳಿದ. ಒಂದೇ ಸಲಕ್ಕೆ ನನಗೆ ಅರ್ಥವಾಯಿತು.

“ಎಡೆ ಕಡುಬು ತಿಂದ್ಯೇನೋ, ಕಳ್ಳ?”

ಹೌದೆಂದು ತಲೆಯಾಡಿಸಿದೆ. ಲಂದ್ರ ನಕ್ಕ. ಮುಖದ ಅರ್ಧ ಮಾತ್ರ ನಕ್ಕಿತು, ಆದರೆ ಹೊಟ್ಟೆ ಪೂರ್ತಿ ನಕ್ಕಿತು. ಸೊಸೆ ಪೊರಕೆ ಬಿಟ್ಟು ಕಣ್ಣೊರೆಸಿಕೊಂಡಳು. ಮಾರ್ಚಿನಿಂದ ಈಚೆಗೆ ಆ ಮನೆಯಲ್ಲಿ ನಗು ಕೇಳಿದ್ದು ಇದೇ ಮೊದಲಂತೆ. ಅವಳು ನೀರು ತಂದರೆ ಲಂದ್ರ ನನ್ನ ಕೈ ಹಿಡಿದು, “ಕುಡೀಬೇಡ, ಕುಡೀಬೇಡ! ಹಾಗೇ ಮಾತಾಡು” ಅಂದ. ಅರ್ಧ ಗಂಟೆ ಹಾಗೇ ಮಾತಾಡಿದೆವು. ಕಡುಬು ತಾನಾಗಿಯೇ ಕರಗಿಹೋಯಿತು. ಅದು ನುಂಗಿದ ಲೆಕ್ಕವಲ್ಲ.

ಮನೆಗೆ ಬಂದರೆ ರೇನಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. “ಯಾರು ತಿಂದದ್ದು?”

ಗೋಡೆಯ ಪಂಚಾಂಗದಲ್ಲಿ ವಾರಕ್ಕೊಂದು ಹೆಸರಿದೆ, ಗುಂಬ್ರೆಗ್ ಎಂಬುದು ಕಣ್ಣಿಗೆ ಬಿತ್ತು. “ಪಾನ್ ಗುಂಬ್ರೆಗ್” ಅಂದೆ.

“ಅದ್ಯಾರು?”

“ಕೆಳಗಿನ ಕೇರಿಯವನು. ಬಂದಿದ್ದ. ತಿಂದ. ಹೋದ.”

ಜುಲೈ 21, ಭಾನುವಾರ

ರೇನಿ ನಂಬಿದಳೆಂದುಕೊಂಡಿದ್ದೆ. ಬೆಳಗಾಗುತ್ತಲೇ ಹತ್ತು ತೆಂಗಿನಕಾಯಿ ತಂದು ಮುಂದಿಟ್ಟಳು.

“ನಿಮ್ಮ ಸ್ನೇಹಿತ ಕೈ ಹಾಕಿದ ಎಲೆ ಎಡೆಗೆ ಬರಲ್ಲ. ಎಲ್ಲಾ ಹೊಸದಾಗಿ ಮಾಡ್ಬೇಕು. ಅವನನ್ನ ಕರೀರಿ, ಕಾಯಿ ತುರಿಯಲಿ.”

“ಅವನಿಗೆ ಪುರುಸೊತ್ತಿಲ್ಲ.”

“ಹಾಗಾದ್ರೆ ಅವನ ಪರವಾಗಿ ನೀವು ತುರೀರಿ.”

ಆರನೇ ಕಾಯಿ ತುರಿಯುವಾಗ ಅವಳು ಪಕ್ಕದಲ್ಲಿ ಬಂದು ಕೂತಳು. “ಅಲ್ಲ, ಪಾನ್ ಗುಂಬ್ರೆಗ್ ಅಂದ್ರೆ ಗುಂಬ್ರೆಗನ ಅಪ್ಪ ಅಂತ ತಾನೇ? ಹಾಗಾದ್ರೆ ಗುಂಬ್ರೆಗ್ ಅಂತ ಒಂದು ಮಗು ಇರ್ಬೇಕು. ಆ ಮಗೂನ ತಾಯಿ ಯಾರು?”

“ಗುಡ್ಡದಾಚೆಯ ಊರಿನವಳು. ಉಪ್ಪು ಕಾಯಿಸೋ ಮನೆತನ. ಎಲ್ಲದಕ್ಕೂ ಉಪ್ಪು ಜಾಸ್ತಿ ಹಾಕ್ತಾಳೆ. ಅದಕ್ಕೇ ಅವನಿಗೆ ಸಿಹಿ ಕಂಡ್ರೆ ಕೈ ನಿಲ್ಲೋದಿಲ್ಲ.”

ಎಲ್ಲಿಂದ ಬಂತೋ! ರೇನಿ ನಗದೆ, “ಪಾಪ” ಅಂದಳು. ಸಂಜೆ ಹೊಸ ಕಡುಬು ಎಡೆಯಾದ ಮೇಲೆ ಮೂರು ತಟ್ಟೆಗೆ ಹಾಕಿದಳು. ಮನೆಯಲ್ಲಿರುವುದು ನಾವಿಬ್ಬರೇ.

ಇದನ್ನು ಸುಳ್ಳು ಎನ್ನಲಾಗದು. ಸುಳ್ಳಾಗಬೇಕಾದರೆ ಕೇಳಿದವರು ನಂಬಬೇಕು. ರೇನಿ ನಂಬಿಲ್ಲ.

ಜುಲೈ 26, ಶುಕ್ರವಾರ

ಮೆನ್ ಕಾರ್ಸಿಯ ಕಾಫಿ ಅಂಗಡಿಯಲ್ಲಿ ಜಗಳವಾಡಿ ಬಂದೆ. ರೇನಿ ಹೇಳಿದ್ದೋ, ಲಂದ್ರನ ಸೊಸೆ ಹೇಳಿದ್ದೋ, ಪಾನ್ ಗುಂಬ್ರೆಗನ ವಿಷಯ ಕೇರಿಗೆಲ್ಲ ಗೊತ್ತಾಗಿದೆ. ಗೊತ್ತಾಗಲಿ, ಬೇಡವೆನ್ನುವುದಿಲ್ಲ. ಆದರೆ ಕ್ಷೌರದವನು ಎಲ್ಲರ ಮುಂದೆ, ಗುಂಬ್ರೆಗನ ಅಪ್ಪ ಆಡು ಸಾಕಿದ್ದಾನೆ ಎಂದುಬಿಟ್ಟ.

“ಆಡು? ಯಾರು ಹೇಳಿದ್ದು ನಿನಗೆ? ಎರಡು ಬಾತುಕೋಳಿ, ಅಷ್ಟೇ. ಅದರಲ್ಲೂ ಒಂದು ಅವನ ಮಾತು ಕೇಳೋದಿಲ್ಲ.”

“ಅಲ್ಲ ಪಾಕ್ ತುತ್, ಇಲ್ಲದವನಿಗೆ ಆಡಾದ್ರೇನು, ಬಾತುಕೋಳಿಯಾದ್ರೇನು?”

“ಬಾಯಿಗೆ ಬಂದದ್ದು ಹೇಳೋಕೆ ಅವನೇನು ಅನಾಥನೇ?”

ಅಂಗಡಿಯವರೆಲ್ಲ ಬೆಂಚು ಬಡಿದು ನಕ್ಕರು. ಮೆನ್ ಕಾರ್ಸಿ ನನಗೆ ಕಾಫಿ ಕೊಟ್ಟು, “ನಿಮ್ಮ ಜೊತೆಯವರಿಗೂ ಒಂದು ಲೋಟ ಕೊಡ್ಲಾ?” ಅಂದಳು. ಅವನು ಕಾಫಿ ಕುಡಿಯುವುದಿಲ್ಲ, ಬಾಯಿ ಖಾಲಿ ಇರುವುದಿಲ್ಲ ಎಂದೆ. ಅಷ್ಟೂ ತಿಳಿಯದ ಜನ.

ಕೆಲಸ ಮುಂದೆ ಓಡುತ್ತಿದೆ. ಬಲಗೆನ್ನೆ ಉಬ್ಬಿದೆ, ಎಡಗಣ್ಣು ಅಡುಗೆಮನೆ ಬಾಗಿಲ ಕಡೆಗಿದೆ, ಹೆಂಡತಿ ಬಂದಳೇ ಎಂದು. ಹುಬ್ಬುಗಳು ಮಾತ್ರ ಏನೂ ಅರಿಯದ ಪುಣ್ಯಾತ್ಮನವು. ಅಳತೆ ಬರೆದಿಡಲು ಮರೆತೆ.

ಆಗಸ್ಟ್ 1, ಗುರುವಾರ

ಲಂದ್ರ ಮುಖವಾಡ ಕಟ್ಟಿಕೊಂಡ. ಕಟ್ಟಿಕೊಂಡವನು ಮೊದಲು ಮಾಡಿದ್ದೇನೆಂದರೆ ನನ್ನ ಕಡೆ ಬೆನ್ನು ತಿರುಗಿಸಿದ್ದು. ಹೆಗಲ ಮೇಲಿಂದ ನಿಧಾನವಾಗಿ ತಿರುಗಿ ನೋಡಿ, ಎಳೆಯುವ ಕಾಲನ್ನು ಇನ್ನಷ್ಟು ಎಳೆದು, ಕಳ್ಳಹೆಜ್ಜೆ ಇಟ್ಟ. ಅಯ್ಯಯ್ಯೋ, ಅವನೇ! ಪಾನ್ ಗುಂಬ್ರೆಗ್ ನಡೆಯುವುದು ಹಾಗೇ ಎಂದು ನನಗೆ ಮುಂಚೆಯೇ ಗೊತ್ತಿತ್ತು.

ಆಮೇಲೆ ಮುಖವಾಡ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಅದರ ಉಬ್ಬಿದ ಕೆನ್ನೆ ಸವರಿದ. ಕೊನೆಗೆ ಕೇಳಿದ: “ತುತ್, ಜನ ಇವನನ್ನ ನೋಡಿ ನಗ್ತಾರೋ, ನನ್ನನ್ನ ನೋಡಿ ನಗ್ತಾರೋ?”

ಗೊತ್ತಿಲ್ಲ ಎಂದೆ. ಗೊತ್ತಿರಲಿಲ್ಲ.

ಆಗಸ್ಟ್ 4, ಭಾನುವಾರ

ಸಮಿತಿಯವರು ಒಂದು ದಾರಿ ಹುಡುಕಿದ್ದಾರೆ. ರಾಜ, ಮಂತ್ರಿ ಪಕ್ಕದ ಊರಿನವನಿಗೆ, ಬೊಂಡ್ರೆಸ್ ಲಂದ್ರನಿಗೆ. ಸರಿಹೋದರೆ ಮುಂದೆಯೂ ಹಾಗೇ. ಸರಿಹೋಗದಿದ್ದರೆ ಏನೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಎಡೆ ಕದಿಯುವ ಕಥೆ ಗುಡಿಯ ಪೂಜಾರಿ ಜೆರೊ ಅವರ ಕಿವಿಗೂ ಬಿದ್ದಿದೆ. ಅವರು “ನೋಡೋಣ” ಅಂದರಂತೆ. ಹೋದ ವರ್ಷ ಕೋಳಿ ಅಂಕದವರಿಗೂ ಹಾಗೇ ಅಂದಿದ್ದರು. ಆ ಅಂಕ ನಡೆಯಲೇ ಇಲ್ಲ.

ಆಗಸ್ಟ್ 6, ಮಂಗಳವಾರ

ನಾಳೆ. ಮುಖವಾಡವನ್ನು ಇನ್ನೊಂದು ಸಲ ಒರೆಸಿಟ್ಟೆ. ಪಾನ್ ಗುಂಬ್ರೆಗ್ ಬೇಡವೆನ್ನಲಿಲ್ಲ.

ಆಗಸ್ಟ್ 7, ಬುಧವಾರ

ಮಧ್ಯಾಹ್ನ ಗುಡಿಯ ಅಂಗಳ ಕಿಕ್ಕಿರಿದಿತ್ತು. ಒಳಗೆ ಜೆರೊ ಅವರ ಮಂತ್ರ, ಗಂಟೆ. ಹೊರಗೆ ಗಾಮೆಲಾನ್ ವಾದ್ಯ. ರಾಜ ಬಂದು ಹೋದ, ಮಂತ್ರಿ ಬಂದು ಹೋದ. ಎರಡೂ ನಾನೇ ಕೆತ್ತಿದ್ದು, ಆದರೆ ನಾನು ನೋಡಲಿಲ್ಲ. ನನ್ನ ಕಣ್ಣು ಪರದೆಯ ಮೇಲಿತ್ತು.

ಪರದೆ ಸರಿಸಿ ಲಂದ್ರ ಬಂದ. ಕಾಲು ಎಳೆಯುತ್ತಾ ನಾಲ್ಕು ಹೆಜ್ಜೆ ಇಟ್ಟ. ಇಡೀ ಅಂಗಳ ಸದ್ದಡಗಿತು. ಕೆಲವರು ನೆಲ ನೋಡತೊಡಗಿದರು. ಮೆನ್ ಕಾರ್ಸಿ ಎಲ್ಲರಿಗೂ ಕೇಳುವಂತೆ, “ಅಯ್ಯೋ ಪಾಪ” ಅಂದಳು. ಅವಳ ಬಾಯಿಗೆ ನಾಲ್ಕು ಕಡುಬು ತುರುಕಬೇಕೆನ್ನಿಸಿತು.

ಲಂದ್ರ ಅವಳತ್ತ ತಿರುಗಿ, ಗಬಕ್ಕನೆ ಅಂಗೈಯಿಂದ ಕೆನ್ನೆ ಮುಚ್ಚಿಕೊಂಡು, ತನ್ನ ಈಗಿನ ಮಾತಿನಲ್ಲೇ ಹೇಳಿದ: “ಏನೂ ತಿಂದಿಲ್ಲ. ನಾನು ಏನೂ ತಿಂದಿಲ್ಲ.”

ಹಿಂದಿನ ಸಾಲಿನಲ್ಲಿ ಕ್ಷೌರದವನು ಕಿಸಕ್ಕೆಂದ. ಅಲ್ಲಿಂದ ಶುರುವಾಯಿತು. ಮಾತು ಪೂರ್ತಿ ತಿಳಿಯದವರಿಗೆ ತಿಳಿದವರು ಹೇಳಿದರು, ತಿಳಿಯದ ಕಡೆ ಅವರವರೇ ಸೇರಿಸಿಕೊಂಡು ನಕ್ಕರು. ಹೆಂಡತಿಯ ಉಪ್ಪು, ಮಾತು ಕೇಳದ ಬಾತುಕೋಳಿ, ಎಲ್ಲ ಬಂತು. ನಾನು ಹೇಳಿರದ ಸಂಗತಿಗಳೂ ಬಂದವು. ಅವನಿಗೆ ಅತ್ತೆ ಇದ್ದಾಳೆಂದು ನನಗೆ ಇವತ್ತೇ ಗೊತ್ತಾದದ್ದು. ಕೊನೆಗೆ ಲಂದ್ರ ದವಡೆ ಹಿಡಿದುಕೊಂಡು ಗರ್ಭಗುಡಿಯ ಕಡೆಗೇ ತಿರುಗಿ ಕೂಗಿದ:

“ಜೆರೊ! ಸ್ವಲ್ಪ ಬೇಗ ಬೇಗ ಮಂತ್ರ ಹೇಳ್ಬಾರ್ದಾ? ದವಡೆ ನೋಯ್ತಿದೆ!”

ಅಂಗಳ ಬಿದ್ದು ಬಿದ್ದು ನಕ್ಕಿತು. ಅಷ್ಟರಲ್ಲಿ ಒಳಗಿನ ಗಂಟೆ ನಿಂತಿತು. ನಗುವೂ ನಿಂತಿತು. ಜೆರೊ ಬಿಳಿ ಮುಂಡಾಸಿನಲ್ಲಿ ಮೆಟ್ಟಿಲ ಮೇಲೆ ಬಂದು ನಿಂತರು. ಲಂದ್ರನನ್ನು ಮೇಲಿಂದ ಕೆಳಗೆ ನೋಡಿದರು.

“ಮಂತ್ರ ಮುಗೀತು, ಎಡೆ ಆಯ್ತು” ಅಂದರು. “ಇನ್ನು ನುಂಗಯ್ಯ, ಗುಂಬ್ರೆಗನ ಅಪ್ಪ.”

ಜನ ಹೋ ಎಂದರು. “ನುಂಗು! ನುಂಗು!” ನನ್ನ ಎದೆ ಮಾತ್ರ ಧಸಕ್ಕೆಂದಿತು. ನುಂಗಿದ ಮೇಲೆ ಮಾತು ನೆಟ್ಟಗಾಗಬೇಕಲ್ಲ! ಬಾತುಕೋಳಿಯ ತನಕ ಯೋಚಿಸಿದ ನಾನು ಇದೊಂದನ್ನು ಯೋಚಿಸಿರಲಿಲ್ಲ. ಜೆರೊ ಒಳ್ಳೆಯ ಮನಸ್ಸಿನಿಂದಲೇ ಆಟಕ್ಕೆ ಸೇರಿದ್ದರು. ನನ್ನ ಗೆಳೆಯನನ್ನು ನಾನೇ ಕೈಯಾರೆ ಇಲ್ಲಿಗೆ ತಂದು ನಿಲ್ಲಿಸಿದ್ದೆ.

ಲಂದ್ರ ನುಂಗಿದ. ಗಂಟಲು ಮೇಲೆ ಕೆಳಗೆ ಆದದ್ದು ಎಲ್ಲರಿಗೂ ಕಂಡಿತು. ಬಾಯಿ ಅಗಲಿಸಿ ಬಲಗಡೆಯವರಿಗೆ ತೋರಿಸಿದ, ಎಡಗಡೆಯವರಿಗೆ ತೋರಿಸಿದ. ಖಾಲಿ. ಇನ್ನು ಮಾತಾಡಬೇಕು. ಐನೂರು ಜನ ಅವನ ತುಟಿಯನ್ನೇ ನೋಡುತ್ತಿದ್ದರು.

ಅವನು ಜೆರೊ ಅವರಿಗೆ ಕೈ ಮುಗಿದ. ಆಟಕ್ಕೆಂದು ರೇನಿ ಬೇರೆಯಾಗಿ ಮಾಡಿಟ್ಟಿದ್ದ ಕಡುಬಿನ ತಟ್ಟೆಯ ಹತ್ತಿರ ಕಾಲೆಳೆಯುತ್ತಾ ಹೋದ. ಅತ್ತಿತ್ತ ನೋಡಿ ಒಂದು ತೆಗೆದು ಬಾಯಿಗೆ ಹಾಕಿಕೊಂಡ, ಇನ್ನೊಂದನ್ನೂ ತುರುಕಿದ. ಆಮೇಲೆ ಹೇಳಿದ:

“ಜೆರೊ, ಇದು ಮುಂದಿನ ವರ್ಧಂತಿಯ ಎಡೆ. ಇನ್ನೂರ ಹತ್ತು ದಿನ ನುಂಗೋ ಹಾಗಿಲ್ಲ.”

ಜೆರೊ ನಗುತ್ತಾ ಕಂಬ ಹಿಡಿದುಕೊಂಡರು. ವಾದ್ಯದವರು ಬಾರಿಸುವುದನ್ನು ಬಿಟ್ಟರು. ಸಮಿತಿಯ ಹಿರಿಯರು ಕಣ್ಣೊರೆಸಿಕೊಳ್ಳುತ್ತಾ, “ಹಾಗಾದ್ರೆ ಇನ್ನೂರ ಹತ್ತು ದಿನ ಆದ್ಮೇಲೆ ಬಂದು ನುಂಗಬೇಕು, ತಪ್ಪಿಸೋ ಹಾಗಿಲ್ಲ!” ಎಂದು ಕೂಗಿದರು. ನಾನು ಅಳುತ್ತಿದ್ದೆನೆಂದು ರೇನಿ ಹೇಳುತ್ತಾಳೆ. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು.

ಪರದೆಯ ಹಿಂದೆ ಹೋದಾಗ ಅವನು ಮುಖವಾಡ ಬಿಚ್ಚಿ ಬೆವರು ಒರೆಸಿಕೊಳ್ಳುತ್ತಿದ್ದ. “ಯಾರನ್ನ ನೋಡಿ ನಕ್ಕರೋ ಲಂದ್ರ?” ಎಂದು ಕೇಳಿದೆ.

“ನೋಡ್ಲಿಲ್ಲ ಕಣೋ. ನಾನೂ ನಗ್ತಾ ಇದ್ದೆ.”

ಆಗಸ್ಟ್ 8, ಗುರುವಾರ

ಬೆಳಿಗ್ಗೆ ಲಂದ್ರ ತಾನೇ ನಡೆದುಕೊಂಡು ನಮ್ಮ ಮನೆಗೆ ಬಂದ. ದಾರಿಯಲ್ಲಿ ಮೂರು ಮನೆಯವರು ಅವನನ್ನು ಹಿಡಿದು ಅತ್ತೆಯ ವಿಷಯ ಕೇಳಿದರಂತೆ. ಎರಡು ಗಂಟೆ ಕೂತು ಮಾತಾಡಿದ. ಅಷ್ಟು ಮಾತು ಇಷ್ಟು ತಿಂಗಳು ಎಲ್ಲಿತ್ತೋ! ಅರ್ಧ ನನಗೆ ಅರ್ಥವಾಯಿತು. ಉಳಿದರ್ಧ ನಾನೇ ಹೊಂದಿಸಿಕೊಂಡೆ. ಮಾರ್ಚಿನಲ್ಲೇ ಇಷ್ಟು ಮಾಡಬಹುದಿತ್ತು. ಅರ್ಥವಾಗದೆ ಅವನ ಎದುರು ಕೂರಬೇಕಾಗುತ್ತದೆಂಬ ಹೆದರಿಕೆಗೆ ನಾನು ಕೆಲಸ ಜಾಸ್ತಿ ಎಂದು ಹೆಸರಿಟ್ಟುಕೊಂಡಿದ್ದೆ.

ರೇನಿ ಒಳಗಿಂದ ಬಂದು, “ಏನಂತೆ ಬ್ಲಿ?” ಎಂದು ಕೇಳಿದಳು. ನಾನು ಮೊದಲಿಂದ ಕೊನೆಯವರೆಗೆ ಎಲ್ಲವನ್ನೂ ಅವಳಿಗೆ ಒಪ್ಪಿಸಿದೆ. ಲಂದ್ರ ಕಣ್ಣು ಅರಳಿಸಿಕೊಂಡು ಕೇಳಿಸಿಕೊಂಡ. ನಾನು ಮುಗಿಸಿದ ಮೇಲೆ ತೊಡೆ ತಟ್ಟಿ, ತಾನು ಹೇಳಿದ್ದಕ್ಕಿಂತ ನಾನು ಕೇಳಿಸಿಕೊಂಡದ್ದೇ ಚೆನ್ನಾಗಿದೆ ಎಂದ.

ಹಾಗೆಂದನೆಂದೇ ನಾನು ಹೊಂದಿಸಿಕೊಂಡಿದ್ದೇನೆ.